ಹುಳುಮನೆಗೆ ಹೋಗಬಲ್ಲವನು

ಚನ್ನಪಟ್ಟಣ
19 ಜನವರಿ 2025

ಮಹ್ವಿಶ್,

ನಿಮ್ಮ ವಾರ್ಡನ್ ಮೇಡಂ ಬೀರುವಿನಲ್ಲಿ ನಿನ್ನ ಮೊಬೈಲು ಇನ್ನೂ ಬೆಚ್ಚಗೆ ಮಲಗಿದೆಯಾ? ಭಾನುವಾರ ಒಂದಿಷ್ಟು ಹೊತ್ತು ಕೊಟ್ಟರೂ ಅಪ್ಪ ಅಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಮಾಡುವ ಹಾಗಿಲ್ಲ ಅಂದೆಯಲ್ಲ, ವಿಜಯಪುರದಲ್ಲಿ ನೀನು ಸೇರಿರುವುದು ನರ್ಸಿಂಗ್ ಹಾಸ್ಟೆಲ್ಲೋ ಜೈಲೋ? ನಿನ್ನ ದೆಸೆಯಿಂದ ಜನ್ಮದಲ್ಲಿ ಮೊದಲ ಸಲ ಅಂಚೆ ಕವರ್ ಕೊಂಡಿದ್ದೇನೆ.

ಕಾಲೇಜಿಗೆ ಒಪ್ಪಿಸಬೇಕಾದ ಸಿನಿಮಾದ ಶೂಟಿಂಗ್ ಶುರುವಾಯಿತು ಕಣೇ! ರಜೆಯಲ್ಲಿ ನಿಮ್ಮ ಮನೆ ಮಹಡಿ ಮೇಲೆ ಕೂತು ನಾವಿಬ್ಬರೂ ಬರೆದ ಕಥೆ ಈಗ ಕ್ಯಾಮೆರಾ ಮುಂದೆ ನಿಂತಿದೆ. ಹೊಂಗನೂರಿನ ದೊಡ್ಡಲಕ್ಷ್ಮಮ್ಮಜ್ಜಿ ರೇಷ್ಮೆ ಹುಳು ಸಾಕುವ ತಮ್ಮ ಹುಳುಮನೆಯನ್ನೇ ಬಿಟ್ಟುಕೊಟ್ಟಿದ್ದಾರೆ, ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ತನಕ. ಕಾಣೆಯಾಗುವ ಮಗು ಅವರ ಮೊಮ್ಮಗಳು ರಮ್ಯಾ. ಜಮೀನಿನ ಜಗಳಕ್ಕೆ ಆ ಮಗುವನ್ನು ಬಚ್ಚಿಡುವ ಸೋದರಮಾವ ನನ್ನ ದೊಡ್ಡಪ್ಪನ ಮಗ ರುದ್ರಪ್ರಸಾದ್. ಕ್ಯಾಮೆರಾ, ಎಡಿಟಿಂಗ್ ಎರಡೂ ನಮ್ಮ ಕ್ಲಾಸಿನ ಸಿದ್ಧಾರ್ಥನದು, ಪಾಪ ದಿನಾ ಕನಕಪುರದಿಂದ ಬರುತ್ತಾನೆ. ಊರೆಲ್ಲ ಅನುಮಾನ ಪಡುವ ಚಂದ್ರಿಕೆಯವನು ಯಾರು ಹೇಳು? ನಿಮ್ಮ ಅಬ್ಬಾ, ನಮ್ಮ ತನ್ವೀರ್ ಚಾಚಾ!

ನಮ್ಮ ರಾಮನಗರದ ಕಾಲೇಜಿನ ಸರ್‌ಗೆ ರೇಷ್ಮೆ ಗೊತ್ತಿಲ್ಲ. ಚಂದ್ರಿಕೆ ಅಂದರೇನು ಅಂತ ಕೇಳಿದರು. "ಹಣ್ಣಾದ ಹುಳು ಗೂಡು ಕಟ್ಟಲಿ ಅಂತ ಬಿಡುವ ಬಿದಿರಿನ ತಟ್ಟಿ ಸರ್, ಎಲ್ಲರ ಮನೇಲೂ ಇರಲ್ಲ, ಬಾಡಿಗೆಗೆ ತರಿಸ್ತಾರೆ" ಅಂದೆ. ಹುಳುವಿಗೆ ರೋಗ ತಗುಲುತ್ತದೆ, ದೃಷ್ಟಿಯಾಗುತ್ತದೆ ಅಂತ ಹುಳುಮನೆಯೊಳಗೆ ನೆಂಟರನ್ನೂ ಬಿಡುವುದಿಲ್ಲ, ಚಂದ್ರಿಕೆ ತರುವ ತನ್ವೀರ್ ಚಾಚಾ ಒಬ್ಬರು ಮಾತ್ರ ಊರಿನ ಎಲ್ಲ ಹುಳುಮನೆಗೂ ಸೀದಾ ಹೋಗುತ್ತಾರೆ ಅಂದಾಗ ಸರ್ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಇದಪ್ಪಾ ಥ್ರಿಲ್ಲರ್" ಅಂದರು.

ಚಾಚಾ ಹೊಸ ಶರ್ಟ್ ಹಾಕಿಕೊಂಡು ಬಂದಿದ್ದರು. ಸಿದ್ಧಾರ್ಥ ಹಳೆಯದು ಬೇಕು ಅಂದಿದ್ದಕ್ಕೆ ಮುಖ ಚಿಕ್ಕದು ಮಾಡಿಕೊಂಡು, "ನನ್ ಮಗ್ಳು ಬರ್ದಿರೋ ಪಾರ್ಟು, ಹಳೇ ಅಂಗೀಲಿ ಮಾಡದಾ?" ಅಂದರು. ಎಲ್ಲರೂ ನಕ್ಕೆವು. ಇನ್ನೊಂದು ಸಂತೋಷ: ಶಿವರಾತ್ರಿ ಜಾಗರಣೆಗೆ ಹೊಂಗನೂರಿನವರು ಗೋಡೆ ಮೇಲೆ ಸಿನಿಮಾ ಹಾಕುತ್ತಾರಲ್ಲ, ಈ ಸಲ ಮೊದಲಿಗೆ ನಮ್ಮದು.

ರುದ್ರ ಒಬ್ಬ ಸತಾಯಿಸುತ್ತಿದ್ದಾನೆ. ಮಾಗಡಿಯಲ್ಲಿ ಹೆಣ್ಣು ಗೊತ್ತಾಗಿದೆ, ಮದುಮಗನ ಗತ್ತು. ಸರಿಹೋಗುತ್ತಾನೆ ಬಿಡು.

ನಿನ್ನ
ಸೌಮ್ಯಶ್ರೀ

*

ವಿಜಯಪುರ
27 ಜನವರಿ 2025

ಸೌಮ್ಯಾ,

ನಿನ್ನ ಕಾಗದವನ್ನು ರೂಮಿನವರಿಗೆಲ್ಲ ಓದಿ ಹೇಳಿದೆ. ಅಬ್ಬಾ ಫೋನಿನಲ್ಲಿ ಸಿನಿಮಾ ಬಿಟ್ಟು ಬೇರೆ ಮಾತೇ ಆಡುತ್ತಿಲ್ಲ. ನಿನ್ನೆ ಅಮ್ಮಿ ಫೋನ್ ಕಿತ್ತುಕೊಂಡು, "ಊಟ ಮಾಡಿದೆಯಾ ಅಂತ ಮಗಳನ್ನ ಒಂದು ಮಾತು ಕೇಳಲಿಲ್ಲವಲ್ಲ, ಹೀರೋ!" ಅಂತ ಬೈದರು.

ಒಂದು ವಿಷಯ ನಿನಗೆ ಯಾವತ್ತೂ ಹೇಳಿರಲಿಲ್ಲ. ಚಿಕ್ಕವಳಿದ್ದಾಗ ಅಬ್ಬಾನ ಗಾಡಿಯಲ್ಲಿ ಹೊಂಗನೂರಿಗೆ ಹೋಗುತ್ತಿದ್ದೆ. ಹುಳುಮನೆ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬಕೆಟ್ಟು ಇರುತ್ತಿತ್ತು. ಅಬ್ಬಾ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಬಿಸ್ಮಿಲ್ಲಾ ಅಂದು ಒಳಗೆ ಕಾಲಿಡುತ್ತಿದ್ದರು. ದೊಡ್ಡಲಕ್ಷ್ಮಮ್ಮಜ್ಜಿಯ ಸ್ವಂತ ಅಳಿಯ ಜಗಲಿ ಮೇಲೆ ಕಾಫಿ ಕುಡಿಯುತ್ತಾ ಕೂತಿರುತ್ತಿದ್ದ, ನನ್ನ ಅಬ್ಬಾ ಒಳಗೆ! ಎಷ್ಟು ಜಂಬ ಪಡುತ್ತಿದ್ದೆ ಗೊತ್ತಾ? ಆ ಜಂಬವನ್ನೇ ಕಥೆಗೆ ಹಾಕಿದ್ದು. ಎಲ್ಲ ಹುಳುಮನೆಗೂ ಹೋಗಬಲ್ಲವನು ಇವನೊಬ್ಬನೇ ಅಂತ ಊರು ಅನುಮಾನ ಪಡುತ್ತದೆ. ಎಲ್ಲ ಹುಳುಮನೆಗೂ ಹೋಗಬಲ್ಲವನಾದ್ದರಿಂದಲೇ ಅವನಿಗೆ ಮಗು ಸಿಗುತ್ತದೆ.

ಥ್ರಿಲ್ಲರುಗಳಲ್ಲಿ ನಮ್ಮವರು ಬರುವುದು ಎರಡೇ ಕೆಲಸಕ್ಕೆ: ಬಾಂಬ್ ಇಡುವುದಕ್ಕೆ, ಇಲ್ಲದಿದ್ದರೆ ಹೀರೋಗೋಸ್ಕರ ಸಾಯುವುದಕ್ಕೆ. ನನ್ನ ಅಬ್ಬಾ ಮಗುವನ್ನು ತಾಯಿ ಕೈಗೆ ಕೊಟ್ಟು ಮಾರನೇ ಬೆಳಿಗ್ಗೆ ಕೆಲಸಕ್ಕೆ ಹೋಗಲಿ. ಬೇರೆ ಏನು ಬೇಕಾದರೂ ತಿದ್ದಿಕೊ, ಕೊನೆ ಮಾತ್ರ ಮುಟ್ಟಬೇಡ.

ಮಹ್ವಿಶ್

*

ಚನ್ನಪಟ್ಟಣ
6 ಫೆಬ್ರವರಿ 2025

ಮಹ್ವಿಶ್,

ಕೆಲಸ ಕುತ್ತಿಗೆಗೆ ಬಂದಿದೆ, ಚಿಕ್ಕದಾಗಿ ಬರೆಯುತ್ತಿದ್ದೇನೆ. ಸಿನಿಮಾ ಹನ್ನೆರಡು ನಿಮಿಷ ಮೀರಬಾರದು ಅಂತ ಸರ್ ಪಟ್ಟು ಹಿಡಿದಿದ್ದಾರೆ. ಕಥೆಯನ್ನು ಅಲ್ಲಲ್ಲಿ ಬಿಗಿ ಮಾಡಿದೆವು. ರುದ್ರನ ಭಾಗ ಕಡಿಮೆಯಾಗಿದೆ, ಅವನಿಗೆ ನಟನೆ ಎಲ್ಲಿ ಬರುತ್ತೆ ಹೇಳು.

ನಿನಗೆ ಇಷ್ಟವಾಗುವ ಒಂದು ಕೆಲಸ ಮಾಡಿದ್ದೇನೆ. ನೀನು ಬರೆದದ್ದನ್ನೇ ಯೋಚಿಸಿ ಚಾಚಾನ ಪಾತ್ರದ ಹೆಸರು ತೆಗೆದೆ. ಟೋಪಿ ತೆಗೆಸಿದೆ. ನೋಡುವವರಿಗೆ ಅವನು ಯಾವ ಜನ ಅಂತಲೇ ಗೊತ್ತಾಗುವುದಿಲ್ಲ. ಸಿನಿಮಾ ಜೊತೆ ಒಂದು ಪ್ರಶ್ನೆಗೂ ಉತ್ತರ ಬರೆದುಕೊಡಬೇಕು: "ನಿಮ್ಮ ಚಿತ್ರವು ಬೇರೆ ಬೇರೆ ಸಾಮಾಜಿಕ ಗುಂಪುಗಳನ್ನು ಹೇಗೆ ಪ್ರತಿನಿಧಿಸುತ್ತದೆ?" ನಾನು ಬರೆದೆ: "ನಮ್ಮ ಚಿತ್ರದಲ್ಲಿ ಯಾವ ಪಾತ್ರಕ್ಕೂ ಜಾತಿಯಿಲ್ಲ, ಧರ್ಮವಿಲ್ಲ. ಆದ್ದರಿಂದ ಯಾರನ್ನೂ ತಪ್ಪಾಗಿ ತೋರಿಸಿಲ್ಲ." ಸರ್ ಎರಡು ಸಲ ಟಿಕ್ ಹಾಕಿದರು.

ಕೊನೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಬಸ್ಸಿಗೆ ಹೊತ್ತಾಯಿತು.

ಸೌಮ್ಯ

*

ವಿಜಯಪುರ
16 ಫೆಬ್ರವರಿ 2025

ಸೌಮ್ಯಾ,

ಈಗಷ್ಟೇ ಅಬ್ಬಾನ ಜೊತೆ ಮಾತಾಡಿ ಬಂದೆ. ಬಂದವಳೇ ಬರೆಯಲು ಕೂತಿದ್ದೇನೆ.

ಅಬ್ಬಾ ನಗುತ್ತಲೇ ಹೇಳಿದರು: "ನಿನ್ನ ಫ್ರೆಂಡು ನನ್ನ ಕೈಲಿ ಕೈ ತೊಳೆಸಿದ್ದೇ ತೊಳೆಸಿದ್ದು ಬೇಟಾ. ಪಾಪ, ಅವಳಿಗೆ ಗೊತ್ತಿಲ್ಲ. ನಾವು ಹುಳುಮನೆಗೆ ಹೋಗೋ ಮುಂಚೆ ತೊಳಿತೀವಿ, ಅವಳು ಈಚೆ ಬಂದಮೇಲೆ ತೊಳೆಸಿದಳು. ತೊಳೆದು ಕ್ಯಾಮೆರಾ ನೋಡಿ ಅಂದಳು."

ನಿನಗೆ ಗೊತ್ತಿಲ್ಲವಾ ಸೌಮ್ಯಾ? ದೊಡ್ಡಮಳೂರಿನ ನಿಮ್ಮ ಅಜ್ಜಿ ಮನೆಯಲ್ಲೂ ಹುಳು ಮೇಯಿಸುತ್ತಿದ್ದರು. ಹುಳುಮನೆಗೆ ಹೋಗುವ ಮುಂಚೆ ಕೈ ತೊಳೆಯುವುದು ಹುಳು ಬದುಕಲಿ ಅಂತ. ಈಚೆ ಬಂದ ಮೇಲೆ ಕೈ ತೊಳೆದು ಕ್ಯಾಮೆರಾ ನೋಡುವವನು ಯಾರು? ತಪ್ಪು ಮಾಡಿದವನು. ನಮ್ಮ ಕಥೆಯಲ್ಲಿ ಅಂಥ ಸೀನ್ ಇರಲಿಲ್ಲ. ರುದ್ರನ ಭಾಗ ಕಡಿಮೆಯಾಯಿತು ಅಂದೆ. ಹಾಗಾದರೆ ಮಗುವನ್ನು ಬಚ್ಚಿಟ್ಟವನು ಈಗ ಯಾರು? ಹೆಸರು ತೆಗೆದೆ, ಟೋಪಿ ತೆಗೆದೆ ಅಂತ ಹೆಮ್ಮೆಯಿಂದ ಬರೆದೆಯಲ್ಲ. ನಿಮ್ಮ ಸರ್‌ಗೆ ಅವನು ಯಾರೋ ಒಬ್ಬ. ಹೊಂಗನೂರಿನವರಿಗೆ ಅವನು ತನ್ವೀರ್.

ನನ್ನ ಅನುಮಾನ ಸುಳ್ಳಾಗಿದ್ದರೆ ಎರಡು ಸಾಲು ಬರೆದು ನನ್ನ ಬಾಯಿ ಮುಚ್ಚಿಸು. ನಿಜವಾಗಿದ್ದರೆ ಕಾಲೇಜಿನಲ್ಲಿ ಏನು ಬೇಕಾದರೂ ತೋರಿಸಿಕೊ, ಹೊಂಗನೂರಲ್ಲಿ ತೋರಿಸಬೇಡ. ಆ ಬಾಗಿಲುಗಳು ನಮ್ಮ ಮನೆಯ ಅನ್ನ. ಶಿವರಾತ್ರಿ 26ಕ್ಕೆ. ಈ ಕಾಗದ ಅಷ್ಟರೊಳಗೆ ಸೇರಲಿ ಅಂತ ಸ್ಪೀಡ್ ಪೋಸ್ಟ್ ಮಾಡಿಸುತ್ತಿದ್ದೇನೆ.

ಮಹ್ವಿಶ್

*

ವಿಜಯಪುರ
3 ಮಾರ್ಚ್ 2025

ಪ್ರೀತಿಯ ಸೌಮ್ಯಾ,

ನನ್ನನ್ನು ಕ್ಷಮಿಸುತ್ತೀಯಾ? ನಿನ್ನಿಂದ ಉತ್ತರವೇ ಬರಲಿಲ್ಲ. ಆ ಕಾಗದ ಓದಿ ನೀನು ಎಷ್ಟು ನೊಂದುಕೊಂಡೆಯೋ.

ನಿನ್ನೆ ಮೊದಲ ರೋಜಾ. ಅಬ್ಬಾ ಶಿವರಾತ್ರಿಯ ಪ್ರದರ್ಶನವನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದರು. ಊರವರೆಲ್ಲ ಚಾಪೆ ಹಾಸಿಕೊಂಡು ಕೂತಿದ್ದರಂತೆ. ಅಬ್ಬಾಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರಂತೆ. "ಕೊನೇಲಿ ನಾನು ಮಗೂನ ತಾಯಿ ಕೈಗೆ ಕೊಟ್ಟೆನಲ್ಲ, ಆಗ ಚಪ್ಪಾಳೆ ಹೊಡೆದರು ಬೇಟಾ! ನೀನು ಬರೆದ ಹಾಗೇ ಇತ್ತು" ಅಂದರು. ನಾನು ವಾರ್ಡನ್ ಮುಂದೆಯೇ ಅತ್ತುಬಿಟ್ಟೆ. ಹಗ್ಗ ನೋಡಿ ಹಾವು ಅಂತ ಕೂಗಾಡಿದೆನಲ್ಲ, ಅದೂ ನಿನ್ನ ಮೇಲೆ.

ಅಬ್ಬಾ ಈ ಸಲ ರಂಜಾನಿಗೆ ಮನೆಯಲ್ಲೇ ಇದ್ದಾರಂತೆ. ಯಾವ ವರ್ಷವೂ ರೋಜಾ ಅಂತ ಕೆಲಸ ಬಿಟ್ಟವರಲ್ಲ. ವಯಸ್ಸಾಯಿತು, ಸ್ವಲ್ಪ ಸುಧಾರಿಸಿಕೊಳ್ಳಲಿ.

ಈದ್‌ಗೆ ಬರುತ್ತೇನೆ. ಆಗ ಸಿನಿಮಾ ತೋರಿಸು. ಸಿಟ್ಟಿದ್ದರೆ ಆಗಲೇ ಎರಡು ಏಟು ಹಾಕು.

ನಿನ್ನ
ಮಹ್ವಿಶ್

*

ಚನ್ನಪಟ್ಟಣ
11 ಮಾರ್ಚ್ 2025

ಮಹ್ವಿಶ್,

ನಿನ್ನ ಕ್ಷಮಾಪಣೆ ನನಗೆ ಸಲ್ಲುವುದಲ್ಲ. ನಿನ್ನ ಅಬ್ಬಾ ನಿನಗೆ ಹೇಳಿದ್ದು ನೀನು ಬರೆದ ಕೊನೆ. ನಾನು ತೋರಿಸಿದ್ದು ಅದಲ್ಲ.

ನಿನ್ನ ಸ್ಪೀಡ್ ಪೋಸ್ಟ್ ಶಿವರಾತ್ರಿಗೆ ಮುಂಚೆಯೇ ಬಂದಿತ್ತು. ಓದಿ ಪುಸ್ತಕದ ನಡುವೆ ಇಟ್ಟೆ. ಊರೆಲ್ಲ ಹೇಳಿಯಾಗಿತ್ತು, ಸರ್ ಬರುವವರಿದ್ದರು, ಹೆದರಿದೆ.

ಆಗಿದ್ದು ಇಷ್ಟು. ರುದ್ರ ಒಲ್ಲೆ ಅಂದ. ನಮ್ಮಪ್ಪ, "ನಮ್ಮನೆ ಹುಡುಗನ್ನ ಮಕ್ಕಳ್ ಕಳ್ಳ ಅಂತ ತೋರಿಸ್ತೀಯಾ? ಮಾಗಡಿಯವ್ರು ನೋಡಿದ್ರೆ ಹೆಣ್ ಕೊಡ್ತಾರಾ?" ಅಂತ ಕೂಗಾಡಿದರು. ಕ್ಲಾಸಿನ ಹುಡುಗರನ್ನು ಕೇಳಿದೆ, ಒಬ್ಬೊಬ್ಬರದೂ ಒಂದೊಂದು ನೆಪ. ಸಿದ್ಧಾರ್ಥನನ್ನು ಕೇಳಿದಾಗ ಅವನು ಕ್ಯಾಮೆರಾ ಕೆಳಗಿಟ್ಟು, "ನಮ್ ಕೇರಿಯವ್ರನ್ನ ಕಳ್ಳರು ಅಂತ ತೋರ್ಸಿರೋದು ಸಾಲದಾ? ನಾನ್ ಮಾಡಕ್ಕಿಲ್ಲ" ಅಂದ. ಅವನ ಮಾತು ಸರಿ ಅನ್ನಿಸಿತು. ಆಗ ಸರ್, "ಚಂದ್ರಿಕೆಯವನೇ ಮಾಡಿದ ಅಂತ ಮುಗಿಸು. ಅನುಮಾನ ಬಂದವನು ನಿರಪರಾಧಿ ಅನ್ನೋದು ಹಳೇ ಟ್ರಿಕ್ಕು" ಅಂದರು. ಎಲ್ಲರೂ ಬೇಡ ಅಂದಿದ್ದರು. ಚಾಚಾ ಬೇಡ ಅನ್ನಲಿಲ್ಲ, ಯಾಕೆಂದರೆ ಅವರನ್ನು ನಾವು ಕೇಳಲೇ ಇಲ್ಲ. ಕೈ ತೊಳೆಯಿರಿ ಅಂದೆವು, ತೊಳೆದರು.

ಗೋಡೆ ಮೇಲೆ ಚಾಚಾನ ಮುಖ ದೊಡ್ಡದಾಗಿ ಬಂದು ನಿಂತು ಸಿನಿಮಾ ಮುಗಿಯಿತು. ಯಾರೂ ಉಸಿರೆತ್ತಲಿಲ್ಲ. ನಾನು ಪ್ರೊಜೆಕ್ಟರ್ ಪಕ್ಕ ತಲೆ ತಗ್ಗಿಸಿ ನಿಂತಿದ್ದೆ. ಮುಂದಿನ ಸಾಲಿನಿಂದ ಯಾರೋ ಚಪ್ಪಾಳೆ ಶುರು ಮಾಡಿದರು, ಆಮೇಲೆ ಎಲ್ಲರೂ ಹೊಡೆದರು. ಚಾಚಾ ನನ್ನ ಹತ್ತಿರ ಬಂದು, "ಚೆನ್ನಾಗಿ ಮಾಡಿದ್ದೀಯಮ್ಮಾ" ಅಂದು ಹೋದರು. ಹೊಸ ಶರ್ಟ್ ಹಾಕಿಕೊಂಡಿದ್ದರು.

ಎರಡು ದಿನ ಬಿಟ್ಟು ದೊಡ್ಡಲಕ್ಷ್ಮಮ್ಮಜ್ಜಿಗೆ ಅವರ ಸಾಮಾನು ವಾಪಸ್ಸು ಕೊಡಲು ಹೋದಾಗ ಪಕ್ಕದ ಮನೆ ಮುಂದೆ ಚಾಚಾನ ಗಾಡಿ ನಿಂತಿತ್ತು. ಅವರು ಚಪ್ಪಲಿ ಬಿಟ್ಟು ಬಕೆಟ್ಟಿಗೆ ಬಗ್ಗುವಷ್ಟರಲ್ಲಿ, "ಆಚೆನೇ ಇಟ್ಬುಡಿ ಸಾಬ್ರೇ, ನಾವೇ ಒಳಿಕ್ ತಗೊತೀವಿ" ಅಂದರು ಆ ಮನೆಯವರು. ಚಾಚಾ ಮಗ್ಗು ಕೆಳಗಿಟ್ಟು ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದರು. ಯಾಕೆ ಹೀಗೆ ಅಂತ ಅಜ್ಜಿಯನ್ನು ಕೇಳಿದೆ. "ಸಿನಿಮಾ ಅಂತ ನಂಗೂ ಗೊತ್ತು ಕಣವ್ವಾ. ಆದ್ರೂ ಕಣ್ಣಿಗ್ ಬಿದ್ದದ್ದು ಕಣ್ಣಾಗೇ ಇರ್ತದೆ. ಮನೇಲಿ ಹೆಣ್ಮಗ ಐತೆ" ಅಂದರು. ಆಮೇಲೆ ಚಾಚಾ ಹೊಂಗನೂರಿಗೆ ಹೋಗಿಲ್ಲ. ರಂಜಾನಿಗೆ ಸುಧಾರಿಸಿಕೊಳ್ಳುತ್ತಿರುವುದಲ್ಲ ಅದು.

ಮಗುವನ್ನು ತಾಯಿ ಕೈಗೆ ಕೊಡುವ ಸೀನ್ ಮೊದಲ ದಿನವೇ ತೆಗೆದಿದ್ದೆವು, ಅದಿದೆ. ಮತ್ತೆ ಜೋಡಿಸುತ್ತೇನೆ. ಮಗುವನ್ನು ಬಚ್ಚಿಡುವವಳು ನಾನೇ ಆಗುತ್ತೇನೆ, ಮಗುವಿನ ಚಿಕ್ಕಮ್ಮ. ಅದೇ ಬಕೆಟ್ಟಿನಲ್ಲಿ ಕೈ ತೊಳೆದು ಕ್ಯಾಮೆರಾ ನೋಡುತ್ತೇನೆ. ಯುಗಾದಿ ದಿನ ಅದೇ ಗೋಡೆ ಮೇಲೆ ತೋರಿಸುತ್ತೇನೆ. ಅಪ್ಪ ಮನೆಯಿಂದ ಆಚೆ ಹಾಕಿದರೂ ಸರಿ.

ಸೌಮ್ಯ

*

ವಿಜಯಪುರ
18 ಮಾರ್ಚ್ 2025

ಸೌಮ್ಯಶ್ರೀ,

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ಕೇಳಿದ್ದೆ. ನೀವು ಎಮ್ಮೆಗೆ ಅದರ ಕೈಲೇ ಬರೆ ಹಾಕಿಸಿದ್ದೀರಿ.

ನನಗೆ ಗೊತ್ತಾಗಿದೆ ಅಂತ ಅಬ್ಬಾಗೆ ಹೇಳಬೇಡ. ಸ್ವೀಟ್ ಬಾಕ್ಸ್ ಹಿಡಿದು ನಮ್ಮ ಮನೆಗೆ ಹೋಗಬೇಡ. ಅವರು ನಿನ್ನನ್ನು ಕೂರಿಸಿ ಚಹಾ ಕೊಡುತ್ತಾರೆ, ಅದನ್ನು ನನ್ನಿಂದ ಸಹಿಸಲು ಆಗುವುದಿಲ್ಲ. ಯುಗಾದಿಗೆ ನಿನಗೆ ತೋಚಿದ್ದು ಮಾಡು.

ಮಹ್ವಿಶ್

*

ಚನ್ನಪಟ್ಟಣ
5 ಏಪ್ರಿಲ್ 2025

ಮಹ್ವಿಶ್,

ಈದ್‌ಗೆ ಬಂದು ಇಷ್ಟು ದಿನ ಊರಲ್ಲೇ ಇದ್ದೆ, ನಮ್ಮ ಬೀದಿಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ದೂರದಿಂದ ನೋಡಿದೆ. ಹತ್ತಿರ ಬರದೆ ಮನೆಗೆ ಮರಳಿದೆ. ನೀನು ಮತ್ತೆ ಹಾಸ್ಟೆಲ್ ಸೇರುವ ಹೊತ್ತಿಗೆ ಈ ಕಾಗದ ಅಲ್ಲಿರಲಿ ಅಂತ ಬರೆಯುತ್ತಿದ್ದೇನೆ.

ಯುಗಾದಿ ದಿನ ತೋರಿಸಿದೆ. ಚಾಚಾ ಬಂದಿರಲಿಲ್ಲ. ನಾನು ಹುಳುಮನೆಯಿಂದ ಈಚೆ ಬಂದು ಕೈ ತೊಳೆದು ಕ್ಯಾಮೆರಾ ನೋಡಿದೆ. ಅದೇ ಬಕೆಟ್ಟು, ಅದೇ ಬೆಳಕು, ಸಿದ್ಧಾರ್ಥ ಹಾಕಿದ ಸಂಗೀತವೂ ಅದೇ. ಜನ ಏನು ಮಾಡಿದರು ಗೊತ್ತಾ? ನಕ್ಕರು. ಹಿಂದಿನಿಂದ ಯಾರೋ ನಮ್ಮಪ್ಪನ ಹೆಸರು ಹಿಡಿದು, "ಅಯ್ಯೋ, ಬಸವಲಿಂಗಯ್ಯನ ಮಗ್ಳು ಮಗೀನ ಕದ್ಲಂತೆ ಕಣ್ರಲಾ!" ಅಂದರು. ಮತ್ತೂ ನಕ್ಕರು. ಚಾಚಾ ಮಗುವನ್ನು ತಾಯಿ ಕೈಗೆ ಕೊಟ್ಟಾಗ ಒಬ್ಬರು, "ಹೋದ್ ಸಲ ಇವ್ರೇ ಅಲ್ವಾ ಕದ್ದಿದ್ದು?" ಅಂತ ಕೇಳಿದರು. ಅದಕ್ಕೆ ಯಾರೂ ನಗಲಿಲ್ಲ.

ನನ್ನನ್ನು ಕಳ್ಳಿ ಅಂತ ಅವರು ಒಂದು ಗಳಿಗೆಯೂ ನಂಬಲಿಲ್ಲ. ಚಾಚಾ ಕಳ್ಳ ಅಂತ ನಂಬಲು ಒಂದು ಗಳಿಗೆಯೂ ಹಿಂಜರಿಯಲಿಲ್ಲ. ಹೆಸರಿಲ್ಲ, ಟೋಪಿಯಿಲ್ಲ, ಯಾರನ್ನೂ ತಪ್ಪಾಗಿ ತೋರಿಸಿಲ್ಲ ಅಂತ ಬರೆದು ಎರಡು ಟಿಕ್ ಹಾಕಿಸಿಕೊಂಡೆನಲ್ಲ, ಆ ಉತ್ತರವನ್ನು ಕಾಲೇಜಿನಿಂದ ವಾಪಸ್ಸು ತಂದಿದ್ದೇನೆ. ಹೊಸದಾಗಿ ಏನು ಬರೆಯಬೇಕೋ ತಿಳಿಯದು. ಸರಿ ಮಾಡುತ್ತೇನೆ ಅಂತ ಹೊರಟೆ, ಸರಿಯಾಗಲಿಲ್ಲ ಮಹ್ವಿಶ್. ನನಗೆ ನಾಚಿಕೆಯಾಗುತ್ತಿದೆ.

ಸೌಮ್ಯ

*

ವಿಜಯಪುರ
13 ಏಪ್ರಿಲ್ 2025

ಸೌಮ್ಯಾ,

ನಾನೂ ನಿನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ನೋಡಿದೆ. ಬೇಕೆಂದೇ ಮುಖ ಬೇರೆ ಕಡೆ ತಿರುಗಿಸಿದೆ.

ಈದ್ ಆಗಿ ಎರಡು ದಿನಕ್ಕೆ ದೊಡ್ಡಲಕ್ಷ್ಮಮ್ಮಜ್ಜಿಯ ಫೋನ್ ಬಂತು. ಹುಳು ಹಣ್ಣಾಗಿವೆ, ಬೇರೆ ಎಲ್ಲೂ ಚಂದ್ರಿಕೆ ಸಿಗಲಿಲ್ಲ. ಹಣ್ಣಾದ ಹುಳು ಯಾರ ಅನುಮಾನಕ್ಕೂ ಕಾಯುವುದಿಲ್ಲ ನೋಡು. ಅಬ್ಬಾ ಹೊರಟರು, ನಾನೂ ಗಾಡಿ ಹತ್ತಿದೆ. ಹೊರಡುವ ತನಕ ಬೇಡ ಅಂದರು. "ಬಿಸಿಲು ಬೇಟಾ, ಮನೇಲಿರು." ಯಾಕೆ ಬೇಡ ಅನ್ನುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಕೂತಿದ್ದೆ.

ಬಾಗಿಲಲ್ಲಿ ಬಕೆಟ್ಟು ಇತ್ತು. ಅಬ್ಬಾ ಅದರ ಕಡೆ ನೋಡಲೂ ಇಲ್ಲ, ಚಂದ್ರಿಕೆ ಇಳಿಸಿ ತಾವೇ ಹೊರಗೋಡೆಗೆ ಒರಗಿಸತೊಡಗಿದರು. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಇವರು ನಿಮ್ಮ ಹುಳುಮನೆಗೆ ಬಂದಾಗ ಕೈ ಯಾವಾಗ ತೊಳೀತಿದ್ರು?" ಅಂತ ಕೇಳಿದೆ.

"ಒಳಿಕ್ ಹೋಗೋ ಮುಂಚೆ. ಇನ್ಯಾವಾಗ?"

"ಸಿನಿಮಾದಲ್ಲಿ?"

ಅಜ್ಜಿ ಬಕೆಟ್ಟಿನ ಕಡೆ ನೋಡಿದರು. ಆಮೇಲೆ, "ಈಚೆ ಬಂದ್ಮೇಲೆ ತೊಳದ್ರು" ಅಂದರು. "ಥೂ, ಯಾರಾರ ಈಚೆ ಬಂದ್ಮೇಲೆ ತೊಳೀತಾರಾ? ನಾನ್ ಅಷ್ಟೊತ್ತೂ ನೋಡ್ಕಂಡ್ ಕುಂತಿದ್ನಲ್ಲಾ!" ಹಾಗಂದವರೇ ಬಂದು ಮಗ್ಗು ಎತ್ತಿಕೊಂಡರು. "ಬನ್ನಿ ಸಾಬ್ರೇ, ಕೈ ನೀಡಿ." ಅಬ್ಬಾ ನೀಡಿದರು. ಅಜ್ಜಿಯೇ ನೀರು ಹಾಕಿದರು. ಅಬ್ಬಾ ಬಿಸ್ಮಿಲ್ಲಾ ಅಂದು ಒಳಗೆ ಹೋದರು.

ಇದು ಒಂದು ಮನೆ. ಉಳಿದವರು ಇನ್ನೂ ಆಚೆನೇ ಇಡಿ ಅನ್ನುತ್ತಿದ್ದಾರೆ. ಎಲ್ಲ ಸರಿಹೋಯಿತು ಅಂತ ನೀನು ಸಮಾಧಾನ ಮಾಡಿಕೊಳ್ಳಬೇಡ.

ವಾಪಸ್ಸು ಬರುವಾಗ ನನಗೆಲ್ಲ ಗೊತ್ತು ಅಂತ ಅಬ್ಬಾಗೆ ಆಗಲೇ ಗೊತ್ತಾಗಿತ್ತು. ಚನ್ನಪಟ್ಟಣ ಕಾಣುವಾಗ, "ಚಪ್ಪಾಳೆ ಹೊಡೆದರು ಅಂದೆನಲ್ಲ, ಅದು ಸುಳ್ಳಲ್ಲ ಬೇಟಾ" ಅಂದರು.

"ಮೊದಲು ಹೊಡೆದವರು ಯಾರು ಅಬ್ಬಾ?"

"ನಾನೇ."

ಯಾಕೆ ಅಂತ ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ. ಅಬ್ಬಾ, "ಯಾರೂ ಮಾತಾಡ್ತಿರಲಿಲ್ಲ. ಆ ಹುಡುಗಿ ಒಬ್ಬಳೇ ತಲೆ ತಗ್ಗಿಸಿಕೊಂಡು ನಿಂತಿದ್ದಳು. ನಿನ್ನ ಫ್ರೆಂಡಲ್ಲವಾ?" ಅಂದರು.

ಇದನ್ನು ನಿನಗೆ ಹೇಳಬಾರದು ಅಂದುಕೊಂಡಿದ್ದೆ. ಹೇಳಿದ್ದೇನೆ. ಇದಕ್ಕೆ ಉತ್ತರ ಬರೆಯಬೇಡ, ಕ್ಷಮೆಯನ್ನೂ ಕೇಳಬೇಡ. ಅಬ್ಬಾ 23ರ ಬುಧವಾರ ಮತ್ತೆ ಹೊಂಗನೂರಿಗೆ ಹೊರಡುತ್ತಾರೆ. ಗಾಡಿಯಲ್ಲಿ ಅವರ ಪಕ್ಕ ಒಬ್ಬರಿಗೆ ಜಾಗವಿದೆ. ಬಸವಲಿಂಗಯ್ಯನ ಮಗಳು ಚಂದ್ರಿಕೆ ಹೊತ್ತುಕೊಂಡು ಅವರ ಜೊತೆ ಬಾಗಿಲಿಗೆ ಹೋದರೆ ಆಚೆನೇ ಇಡಿ ಅನ್ನಲು ಆ ಮನೆಯವರಿಗೂ ಬಾಯಿ ಬರಲಿಕ್ಕಿಲ್ಲ. ಹೋಗುವುದಾದರೆ ಹೋಗು.

ಒಳಗೆ ಹೋಗುವ ಮುಂಚೆ ಕೈ ತೊಳೆದುಕೊ.

ಮಹ್ವಿಶ್